ಬೆಸ ಪದರ

ಮೊದಲ ಕೈ ತೋರಸು. ಬ್ಯಾಟ್ ಆಮ್ಯಾಲೆ.

ನಮ್ಮಪ್ಪ ಕಟ್ಟಿಗೀಲೆ ಬಾಳಿಹಣ್ಣ ಮಾಡಾಂವ,
ಗೋಕಾಕದ ಇದೇ ಕಟ್ಟಿ ಮ್ಯಾಲೆ ಕುಂತು.
ಬಣ್ಣ ಆರೂ ಮೊದಲ ನೊಣ ಬಂದು ಮೋಸ ಹೋಗ್ತಿದ್ದುವು.
ನಾ ಅದೇ ಹಗೂರ ಕಟ್ಟಿಗಿ ಹೊಟ್ಟ್ಯಾಗಿಟ್ಟು
ಮ್ಯಾಲೆ ಕೆಳಗ ಬಿರುಸು ಪದರ ಅಂಟಿಸಿ
ಟೇಬಲ್ ಟೆನಿಸ್ ಬ್ಯಾಟ್ ಮಾಡತೀನಿ.
ಮೋಸ ಹೋಗೂದು ಈಗ ಎದುರಿನಾಂವ.

ಮೂರು, ಐದು, ಏಳು, ಯಾವಾಗಲೂ ಬೆಸ ಲೆಕ್ಕ.
ಒಂದರ ನಾರು ಉದ್ದಕ, ಅದರ ಮಗ್ಗಲಿಂದು ಅಡ್ಡಕ,
ಜಗಳಾಡಕೋತ ಒಂದೇ ಒಲಿ ಹಚ್ಚೂ ಮನಿ ಹಂಗ.
ಒಣಗಿದ ಮ್ಯಾಲೆ ಕಿವಿ ಹತ್ರ ಹಿಡದು ಚಂಡು ಕುಟ್ಟತೀನಿ:
ಟಿಣ್ ಅಂದ್ರ ಅವಸರದಾಂವಗ,
ಟೊಕ್ ಅಂದ್ರ ಕಾಯೂ ಮಂದಿಗೆ.
ನಡುವಿನ ದನಿಗೆ ಹೆಸರಿಲ್ಲ,
ಅದಕ್ಕೇ ಗಿರಾಕಿ ಭಾಳ.

ಹುಕ್ಕೇರಿ ಬಸ್ಸಿನ ಕಂಡಕ್ಟರ್ ಬಾಳಗೌಡ,
ಮೂರನೇ ಚಂಡಿಗೇ ಮಾತು ಮುಗೀಬೇಕು ಅವಗ,
ತಿಕೀಟ ಹರದಂಗ ಸ್ಮ್ಯಾಶ್.
ಏಳು ಪದರ, ಸಾಗವಾನಿ ಮುಖ, ತೊಂಬತ್ತೆರಡು ಗ್ರಾಂ.
ತಪ್ಪಿದ್ರ ತಪ್ಪೂ ಜೋರಾಗೇ ಹೋಗತೈತಿ, ಅಂದೆ.
ಹೋಗಲಿ ಬಿಡ್ರಿ, ಅಂದ.

ಗಣಿತದ ಟೀಚರ್ ಮಗದುಮ್ ಬಾಯಾರು
ಚಂಡು ಹೊಡಿಯೂದಿಲ್ಲ, ಸವರತಾರ,
ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರಿದಂಗ.
ಅವರಿಗೆ ಐದೇ ಪದರ, ಒಂದಿಷ್ಟು ಬಾಗೂ ಜಾತಿ,
ಚಂಡು ಅರೆಗಳಿಗಿ ಕಟ್ಟಿಗ್ಯಾಗ ಕುಂತು
ಆಮ್ಯಾಲೆ ಏಳಬೇಕು.

ನೀ ಅಂತಿ, ಕಾಕಾ, ಜೋರಿಂದು ಕೊಡ್ರಿ.
ಎಲ್ಲಾರೂ ಅಂತಾರ.
ನಿನ್ನ ಅಂಗೈ ಬೆವರತೈತಿ, ಹೆಬ್ಬಟ್ಟು ಹಿಂದ ಸರೀತೈತಿ,
ಇದು ಹೊಡಿಯೂ ಕೈ ಅಲ್ಲ, ತಮ್ಮಾ,
ಅಂತ ಬಾಯಿಗೆ ಬರತೈತಿ.
ಹೇಳೂದಿಲ್ಲ. ಹೋದ ವರ್ಷದಿಂದ ಹೇಳೂದು ಬಿಟ್ಟೀನಿ.

ಫಾಲ್ಸ್ ಕಡೆ ನೂಲಿನ ಮಿಲ್ಲಿನಾಕಿ, ಮೆಹರೂನ್ ನದಾಫ.
ಅಲ್ಲಿ ಕ್ಲಬ್ಬಿನ ಮೇಜಿಗೆ ಒಂದು ಕಾಲು ಗಿಡ್ಡ,
ಇಟ್ಟಂಗಿ ಚೂರಿನ ಮ್ಯಾಲೆ ನಿಂತೈತಿ.
ಈಕಿ ಆರು ಹೆಜ್ಜಿ ಹಿಂದ ನಿಂತು
ಬಂದದ್ದನ್ನೆಲ್ಲಾ ಕೊರದು ಕೊರದು ಹಿಂದ ಕಳಸಾಕಿ,
ಹರದ ಎಳಿಗೆ ಗಂಟು ಹಾಕಿದಂಗ. ಮತ್ತ. ಮತ್ತ.
ನೋಡಿದೆ. ತಿಳೀತು ಅಂತ ತಿಳಕೊಂಡೆ.
ಅಗಲ ಮುಖ, ಮೆತ್ತನ್ನ ಹೊಟ್ಟಿ, ಸಾವಕಾಶದ ಬ್ಯಾಟ್.
ಇದು ನಿನ್ನ ಗುಣ ನೋಡವಾ, ಅಂದು ಕೊಟ್ಟೆ.

ವಾರ ತುಂಬೂದ್ರಾಗ ತಂದು ಕಟ್ಟಿ ಮ್ಯಾಲಿಟ್ಟಳು.
ಚಲೋ ಐತಿ ಕಾಕಾ. ಆದ್ರ
ನನ್ನ ಗುಣ ನಿಮಗ ಯಾರ ಕೇಳಿದ್ರು?
ಒಮ್ಮಿ ಹೊಡೀಬೇಕಾಗೇತಿ ನನಗ.

ಆ ರಾತ್ರಿ ಅಂಚಿಗೆ ಉಳಿ ಇಟ್ಟು
ನಾನೇ ಅಂಟಿಸಿದ್ದು ನಾನೇ ಸುಲದೆ.
ಒಂದು ಮುಖ ಹಂಗೇ ಮೆತ್ತಗ,
ಇನ್ನೊಂದಕ್ಕ ಸಾಗವಾನಿ, ಉಗುರಿನಷ್ಟು ತೆಳುವು.
ಹಿಡಿ ನೆಟ್ಟಗ ಕೆತ್ತಿದೆ. ಬೆರಳಾಗ ತಿರುಗಬೇಕಲ್ಲ.

ಪಂದ್ಯದ ದಿನ ಘಟಪ್ರಭಾ ತುಂಬಿತ್ತು.
ಕಿಟಕಿ ಹಾಕಿದ್ರೂ ಗಾಳ್ಯಾಗ ನೀರು, ರಬ್ಬರು ಜಾರು.
ಎದುರಿಗೆ ಬಾಳಗೌಡ, ನನ್ನದೇ ಏಳು ಪದರ ಹಿಡದು.
ಹದಿನಾಲ್ಕು ಸಲ ಹೊಡದ. ಹದಿನಾಲ್ಕೂ ತಿರುಗಿ ಬಂದುವು.
ಮೇಜಿನ ಮರಿಗೆ ಆಕಿ ಕೈಯಾಗ
ಕೆಂಪು ಕರಿ ಆತು, ಕರಿ ಕೆಂಪಾತು.
ನೋಡಿದ್ರ ತಿಳೀತಿತ್ತು. ನೋಡಬೇಕಲ್ಲ.

ಟಿಣ್.

ಬಾಳಗೌಡ ಮೊದಲ ಕೇಳಿದ.
ನೋಡೂದ್ರಾಗ ಚಂಡು ಹಿಂದಿನ ಗ್ವಾಡಿಗೆ ಬಡದು
ಅವನ ಚಪ್ಪಲಿ ಹತ್ರ ಉರುಳಾಕ ಹತ್ತಿತ್ತು.

ಪಂದ್ಯ ಸೋತಳು, ಅದೂ ಹೇಳತೀನಿ.
ನೀರು ಕುಡದು, ಎರಡನೇ ಪಾಳಿಗೆ ಹೊತ್ತಾತು ಅಂತ ಓಡಿದಳು,
ಬ್ಯಾಟ್ ಬುತ್ತಿ ಚೀಲದಾಗ ತುರುಕಿ.

ಜೋರಿಂದು ಅಂದಿ ಅಲ್ಲಾ?
ಆತು. ಮಂಗಳವಾರ ಬಾ.
ಹಿಡಿ ಮಾತ್ರ ನೆಟ್ಟಗ ಇಡತೀನಿ.