ಬಿಡುಗಡೆ ಪತ್ರ

ದುಲೂತಿನಲ್ಲಿ ಆಸ್ಪತ್ರೆ ಗುಡ್ಡದ ಮೇಲಿದೆ.
ಕೆಳಗಿನದನ್ನು ಇವರು ಕೆರೆ ಅನ್ನುತ್ತಾರೆ; ಆಚೆ ದಡ ಕಾಣುವುದಿಲ್ಲ.
ನನ್ನ ಕಡೆ ಇಷ್ಟು ನೀರಿಗೆ ಸಮುದ್ರವೆಂದೇ ಹೆಸರು,
ಅದಕ್ಕೊಂದು ಬಣ್ಣ ಕೂಡ.

ಬೆಳಗ್ಗೆ ಏಳಕ್ಕೆ ಪೇಜರ್ ಕೈಗೆ ಬರುತ್ತದೆ,
ರಾತ್ರಿಯವನ ಬೆವರಿನ ಸಮೇತ.
ಹತ್ತೊಂಬತ್ತು ಜನ, ಒಂದು ಹಾಳೆ.
ಹನ್ನೆರಡು: ಸೋಡಿಯಂ ನೋಡು.
ಹದಿನಾಲ್ಕು: ಮಗಳು ಫೋನ್ ಮಾಡುತ್ತಾಳೆ, ಸಿಟ್ಟಿನಲ್ಲಿದ್ದಾಳೆ.
ಇಪ್ಪತ್ತು: ಏನೂ ಮಾಡಬೇಡ,
ಸಮಯ ಸಿಕ್ಕರೆ ಹತ್ತಿರ ಕೂತುಕೋ.

ನಡುವಿನ ನಾಲ್ಕು ದಿನ ಮಾತ್ರ ನನ್ನವು.
ಮನೆಯ ಡಾಕ್ಟರಿಗೆ ಇವರ ಮೊಮ್ಮಕ್ಕಳ ಹೆಸರು ಗೊತ್ತು,
ನನಗೆ ಕ್ರಿಯಾಟಿನಿನ್ ಗೊತ್ತು.
ಮಲಗಿದವರನ್ನಷ್ಟೇ ಬಲ್ಲೆ; ಅಂಗಡಿಯಲ್ಲಿ ಎದುರಾಗಿ
ನಕ್ಕರೆ ಗುರುತೇ ಹತ್ತುವುದಿಲ್ಲ.
ಅರೆ, ಇಷ್ಟು ಎತ್ತರವಿದ್ದಿರಾ ನೀವು!

ಕೆರೆನ್ ಊರಲ್ಲಿ ನಾನು ಹೊಟ್ಟೆ ಕೊಯ್ದು ಹೊಲಿದವಳು, ಆರು ವರ್ಷ;
ಒಮ್ಮೆ, ಕಿಟಕಿಗೆ ಮುಖ ಮಾಡಿ ನಿಲ್ಲಿಸಿದ
ಟ್ಯಾಕ್ಸಿಯ ಹೆಡ್‌ಲೈಟಿನಲ್ಲಿ.
ದೇಶಸೇವೆಯ ಡಾಕ್ಟರು ನಾನು, ಅಬ್ರೆಹೆಟ್ ತೆಕ್ಲೆ.
ಸೇವೆ ಮುಗಿಯಿತು, ಇನ್ನು ಹೋಗಬಹುದು ಎಂಬ
ಕಾಗದವೊಂದು ಬರಬೇಕಿತ್ತು.
ಒಂದು ವರ್ಷ ಕಾದೆ. ನಾಲ್ಕು ಕಾದೆ.
ಆಮೇಲೆ ಒಂದು ರಾತ್ರಿ ಕಾಗದವಿಲ್ಲದೆ ಹೊರಟೆ, ಕಸಲಾ ದಿಕ್ಕಿಗೆ,
ಸ್ಟೆತೊಸ್ಕೋಪನ್ನು ಹಿಟ್ಟಿನ ಚೀಲದಲ್ಲಿ ಹೂತು.

ಇಲ್ಲಿಗೆ ಬಂದು ಮೂರು ವರ್ಷ, ಇದೇ ಆಸ್ಪತ್ರೆಯಲ್ಲಿ, ಸ್ಟ್ರೆಚರ್ ತಳ್ಳಿದೆ.
ಎರಡನೇ ಲಿಫ್ಟು ಐದನೇ ಮಹಡಿಯಲ್ಲಿ
ಅರೆಗಳಿಗೆ ಯೋಚನೆ ಮಾಡುತ್ತದೆ;
ಹೊಸ ಡಾಕ್ಟರುಗಳಿಗೆ ಇದು ತಿಳಿಯದು.
ಸ್ಕ್ಯಾನಿಗೆ ಒಯ್ಯುವ ಹುಡುಗಿಗೆ ಅಪೆಂಡಿಕ್ಸ್ ಎಂದು
ದಾರಿಯಲ್ಲೇ ಗೊತ್ತಾಗುತ್ತಿತ್ತು. ಬಾಯಿ ಬಿಡುವಂತಿರಲಿಲ್ಲ.
ಕಂಬಳಿ ಸರಿಪಡಿಸುವ ನೆಪದಲ್ಲಿ
ಹೊಟ್ಟೆ ಮುಟ್ಟಿ ನೋಡುತ್ತಿದ್ದೆ.
ಆಮೇಲೆ ಪರೀಕ್ಷೆಗಳು. ಮೂವತ್ತೊಂಬತ್ತಕ್ಕೆ ಮತ್ತೆ ಇಂಟರ್ನ್.
ಇಪ್ಪತ್ತಾರರ ಹುಡುಗನೊಬ್ಬ
ಹೊಲಿಗೆಗೆ ಗಂಟು ಹಾಕುವುದು ಹೇಗೆಂದು ಕಲಿಸಿದ.
ಕಲಿತೆ.

ಈ ವಾರ ಇಪ್ಪತ್ತೆರಡರಲ್ಲಿ ಟೊಯ್ವೊ ಲಾಹ್ತಿ. ಐದನೇ ಸಲ.
ನಲವತ್ತು ವರ್ಷ ಅದಿರಿನ ಹಡಗಲ್ಲಿ ದುಡಿದವನು,
ಈಗ ತಾನೇ ಹಡಗು; ತಳದಿಂದ ನೀರು ಏರುತ್ತಿದೆ.
‘ಮತ್ತೆ ನೀನಾ?’ ಅನ್ನುತ್ತಾನೆ.
‘ಮತ್ತೆ ಉಪ್ಪುಮೀನಾ?’ ಅನ್ನುತ್ತೇನೆ.
ಸುಳ್ಳಾಡುವುದಿಲ್ಲ, ಅದೊಂದು ಅವನ ದೊಡ್ಡ ಗುಣ.
ಕಣಕಾಲನ್ನು ಹೆಬ್ಬೆರಳಿಂದ ಒತ್ತುತ್ತೇನೆ.
ಕುಳಿ ಮೆಲ್ಲಗೆ ತುಂಬಿಕೊಳ್ಳುವುದನ್ನು
ಇಬ್ಬರೂ ನೋಡುತ್ತೇವೆ, ಬೇರೆ ಕೆಲಸವಿಲ್ಲದವರಂತೆ.
‘ಬೆಚ್ಚಗಿದೆ ಕೈ,’ ಅನ್ನುತ್ತಾನೆ, ‘ಎಲ್ಲಿಯದು?’

ಶುಕ್ರವಾರ ಅವನ ಬಿಡುಗಡೆ ಪತ್ರ.
ಒಳಬಂದ ದಿನ. ಹೊರಹೋಗುವ ದಿನ.
ಇಳಿದ ತೂಕ ಆರು ಕಿಲೋ, ಅರ್ಧ ಕೊಡ ನೀರು.
ಹೋಗುವ ಸ್ಥಳ: ಮನೆ.
ಹದಿನೇಳು ವರ್ಷದಲ್ಲಿ ಇಂಥವು
ಹನ್ನೆರಡು ಸಾವಿರವಾದರೂ ಬರೆದಿದ್ದೇನೆ.
ಸಹಿಯ ಜಾಗಕ್ಕೆ ಬಂದಾಗ ಕೈಗೆ ಈಗಲೂ
ಆ ಎರಡನೇ ಲಿಫ್ಟಿನ ಚಾಳಿ.

ಗಾಲಿಕುರ್ಚಿ ತಂದವನು ಹೊಸಬ.
ಬ್ಯಾಡ್ಜಿನ ಮೇಲೆ ಗುಲೇದ್ ಎಂದಷ್ಟೇ ಇದೆ,
ಕಿವಿಯ ಹತ್ತಿರ ಕೂದಲು ನರೆತಿದೆ.
ಟೊಯ್ವೊನನ್ನು ಕೂರಿಸಿ, ಕಂಬಳಿ ಹೊದಿಸಿ,
ಮಣಿಕಟ್ಟಿನ ಮೇಲೆ ಅವನ ಎರಡು ಬೆರಳು
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತವು.
ನಾನು ನೋಡಿದೆ.
ನಾನು ನೋಡಿದ್ದನ್ನು ಅವನೂ ನೋಡಿದ.

ಎಲ್ಲಿ ಓದಿದ್ದು ಎಂದು ಕೇಳಬೇಕು ಅನ್ನುವಷ್ಟರಲ್ಲಿ
ಪೇಜರ್ ಕೂಗಿತು:
ಹದಿನಾಲ್ಕು. ಮಗಳು ಲೈನಿನಲ್ಲಿದ್ದಾಳೆ.