ಬೂದು ಕಪಾಟು

ಕಿಸುಮುವಿನ ಮೀನುಗಾರಿಕೆ ಕಚೇರಿಯ ಹಿಂದೆ
ಜನರೇಟರ್ ಕೋಣೆಗೆ ಒತ್ತಿಕೊಂಡು ಒಂದು ಗ್ರಂಥಾಲಯ.
ಪುಸ್ತಕಗಳಿಗೆ ಗಾಜಿನ ಬೀರು. ಇವಕ್ಕೆ ತಗಡಿನ ಕಪಾಟು:
ಸೈಕ್ಲೋಸ್ಟೈಲ್ ವರದಿ, ಅರ್ಧಕ್ಕೆ ನಿಂತ ಯೋಜನೆಯ ಅಂತಿಮ ಕರಡು,
ದೋಣಿಗಳ ಲೆಕ್ಕ, ಬಲೆಯ ಕಣ್ಣಿನ ಅಳತೆ.
ಬೆನ್ನಿಲ್ಲದವು; ಹೆಸರು ಬರೆಯಲೂ ಜಾಗವಿಲ್ಲ.
ಮಾರಿದವರಿಲ್ಲ, ಕೊಂಡವರಿಲ್ಲ.
ಕಸುಬಿನವರು ಇದನ್ನು ಬೂದು ಸಾಹಿತ್ಯ ಅನ್ನುತ್ತಾರೆ.

ಬೂದು.
ನನ್ನ ಭಾಷೆಯಲ್ಲಿ ದಕಾರದ ಕೊಂಬು ಮುರಿದು
ಗುಡಿಸಿಬಿಟ್ಟರೆ ಸಾಕು,
ಬೂದಿ.

ರಿಸ್ಪಾ ಅಪೊಂಡಿ ಗುಡಿಸಲಿಲ್ಲ. ಇಪ್ಪತ್ತಾರು ವರ್ಷ.
ಸಾಹೇಬರು ಬದಲಾದಾಗಲೆಲ್ಲ ಅದೇ ಆಜ್ಞೆ:
ಹಳೇ ಕಾಗದ ತೂಕಕ್ಕೆ ಹಾಕಿ, ಮೇಜಿಗೆ ಜಾಗ ಮಾಡಿ.
ಆಗಲಿ ಅಂದು, ಕೀಲಿ ಕಳೆದಿದೆ ಅನ್ನುತ್ತಿದ್ದಳು.
ಕೀಲಿ ಅವಳ ಕೊರಳಲ್ಲೇ ಇತ್ತು, ಜಪಸರದ ಜೊತೆ.

ನಾನು ಬಂದದ್ದು ಸ್ಕ್ಯಾನರ್ ಹೊತ್ತು, ಮೂರು ವಾರಕ್ಕೆ.
ಭವಿಷ್ಯವನ್ನು ಪೆಟ್ಟಿಗೆಯಲ್ಲಿ ತಂದವನ ಠೀವಿ ಇತ್ತು, ಸುಳ್ಳೇಕೆ.
ಇನ್ನು ಯಂತ್ರವೇ ಓದುತ್ತದೆ, ನೀವು ಕೇಳಿದರೆ ಸಾಕು, ಅಂದೆ.
ಅದು ಕೆಟ್ಟರೆ ಯಾರನ್ನು ಕೇಳುವುದು, ಅಂದಳು.
ಹೋದ ಯೋಜನೆಯವರ ಸರ್ವರ್
ಹಣ ಮುಗಿದ ತಿಂಗಳೇ ಕಣ್ಣು ಮುಚ್ಚಿತಂತೆ;
ಒಳಗೆ ಹೋದ ನಾನೂರು ವರದಿ ಹೊರಗೆ ಬರಲಿಲ್ಲ.
"ಇಲ್ಲಿದ್ದರೆ ಗೆದ್ದಲಿಗಾದರೂ ರುಚಿಸುತ್ತಿದ್ದವು."

ಮೊದಲ ದಿನ ನಮೂನೆಯೇ ಅಡ್ಡ ನಿಂತಿತು.
ಪ್ರಕಾಶಕರು? ಖಾಲಿ ಬಿಟ್ಟರೆ ಕೆಂಪು ಚುಕ್ಕಿ ಮಿನುಗುತ್ತದೆ.
ಲೇಖಕರು?
ಮುಖಪುಟದಲ್ಲಿ ಅಧಿಕಾರಿಯ ಹೆಸರು,
ಒಳಗೆ ಪ್ರತಿ ಅಂಕಿಯ ಪಕ್ಕ ಸಣ್ಣಗೆ, ಜೋ. ಒ.
ಜೋವಾಶ್ ಒಮೊಲೊ, ಮೀನು ಎಣಿಸುವ ಗುಮಾಸ್ತ, ಎರಡನೇ ದರ್ಜೆ.
ಅಧಿಕಾರಿಯನ್ನು ಅಳಿಸಿ ಅವಳು ಗುಮಾಸ್ತನನ್ನು ಕೂರಿಸಿದಳು.
ಪ್ರಕಾಶಕರು ಎಂಬಲ್ಲಿ: ಸರೋವರ.
ಯಂತ್ರ ಒಪ್ಪಿತು. ಅದಕ್ಕೆ ಏನೋ ಒಂದು ಬೇಕಿತ್ತು, ಅಷ್ಟೆ.

ಎರಡನೇ ವಾರ ಮ್ವಾನ್ಜಾದಿಂದ ಕಬುಲಾ ಬಂದಳು,
ಬಸ್ಸಿನ ಧೂಳು ಕೊಡವುತ್ತ, ಙೆಗೆ ಬೇಕು ಅಂದಳು.
(ನಮ್ಮ ಅಕ್ಷರಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಙ,
ಯಾರಿಗೂ ಬೇಡವಾದರೂ ಯಾರೂ ತೆಗೆಯದ್ದು,
ಅವತ್ತು ಎದ್ದು ನಿಂತಿತು.)
ಮೀನು ಅದು. ದೊಡ್ಡ ನೀರಲ್ಲಿ ಅವಳು ಹುಟ್ಟುವ ಮೊದಲೇ ಮುಗಿದದ್ದು.
ಹೊರಗಿಂದ ತಂದು ಬಿಟ್ಟ ಎಂಬುಟಾ ಕಂಡದ್ದನ್ನೆಲ್ಲ ನುಂಗಿತು,
ಪಪೈರಸ್ ಜೊಂಡಿನ ತನಕ.
ಕಾಗದ ಹುಟ್ಟುವ ಮೊದಲೇ ಕಾಗದವಾಗಿದ್ದ ಆ ಜೊಂಡನ್ನು
ದೊಡ್ಡ ಬಾಯಿ ದಾಟಲಾಗಲಿಲ್ಲ.
ಈಚೆ, ಕನ್ಯಾಬೋಲಿ ಎಂಬ ಪುಟ್ಟ ಕೆರೆಯಲ್ಲಿ, ಙೆಗೆ ಉಳಿಯಿತು,
ಯಾರ ಲೆಕ್ಕಕ್ಕೂ ಬಾರದೆ.

ಮತ್ತೆ ಬಿಡಬೇಕು ಮರಿಗಳನ್ನು. ಯಾವ ತಿಂಗಳು?
ಕಬುಲಾ ಯಂತ್ರವನ್ನು ಕೇಳಿದಳು.
ಅದು ಬಹಳ ವಿನಯದಿಂದ ಬೇರೆ ಮೀನಿನ ಬಗ್ಗೆ ಹೇಳಿತು.
ಜೋವಾಶನ ಉತ್ತರ ಪೆನ್ಸಿಲ್ಲಿನದು, ಹಾಳೆಯ ಅಂಚಿನಲ್ಲಿ;
ನನ್ನ ಸ್ಕ್ಯಾನರ್ ಅದನ್ನು ಕೊಳೆಯೆಂದು ತೊಳೆದಿತ್ತು.

ರಿಸ್ಪಾ ಕಪಾಟು ತೆರೆದಳು.
ಕಿಟಕಿಗೆ ಹಾಳೆ ಓರೆ ಹಿಡಿದು, ತಮ್ಮ ಲುವೊ ನುಡಿಯಲ್ಲಿ ಓದಿ,
ನಮಗೆ ತಿಳಿಯುವಂತೆ ಹೇಳಿದಳು:
ಎರಡನೇ ಮಳೆ, ಜೊಂಡಿನ ಬುಡ ಕೆಂಪಾದಾಗ.
ಇವತ್ತು ಒಂದು ತಾಯಿ ಸಿಕ್ಕಿತು. ಬಾಯಿ ತುಂಬ ಮೊಟ್ಟೆ.
ಕಾಯುವಾಗ ಇವು ಉಣ್ಣುವುದಿಲ್ಲ.
ಎಣಿಸಲಿಲ್ಲ, ಬಿಟ್ಟೆ.

ಆಮೇಲೆ ಯಾರೂ ಮಾತಾಡಲಿಲ್ಲ. ಜನರೇಟರ್ ಗೊಣಗುತ್ತಿತ್ತು.
ನಾನು ಕಪ್ಪು-ಬಿಳುಪು ಎಂಬ ಗುಂಡಿ ಬಿಟ್ಟು
ಬೂದು ಎಂಬುದನ್ನು ಒತ್ತಿದೆ.
ಪೆನ್ಸಿಲ್ ಬಂತು, ಚಹಾದ ಕಲೆ ಬಂತು,
ಫೈಲು ಎಂಟು ಪಟ್ಟು ಊದಿತು. ಊದಲಿ.
ಮೊದಲ ಕಪಾಟಿನಿಂದ ಮತ್ತೆ ಶುರು.

ಹೊರಡುವ ದಿನ ಕಚೇರಿಗೆ ಎರಡು ಪುಟದ ವರದಿ ಬರೆದೆ:
ಕೆಲಸ ಮುಗಿದಿಲ್ಲ, ಕಾರಣಗಳು ಹೀಗಿವೆ.
ರಿಸ್ಪಾ ಒಂದು ಪ್ರತಿ ಕೇಳಿದಳು,
ಮೂಲೆಗೆ ಪಿನ್ನು ಚುಚ್ಚಿ
ಕೊರಳಿನ ಕೀಲಿಗೆ ಕೈ ಹಾಕಿದಳು.