ಕೌದಿ ಬಿಲ್ಲೆ

ದುರ್ಗದ ಬೈಲಿನ ಸಂದ್ಯಾಗ ನಂದೊಂದು ಒತ್ತೂ ಮಷಿನ್ನು.
ಎಲೆಕ್ಷನ್ನಿಗೆ ಮೂರೂ ಪಾರ್ಟಿದು ಒತ್ತೇನಿ,
ಸಾಲಿ ಮಾನಿಟರಂದು, ಲಗ್ನದಾಗ ‘ಗಂಡಿನ ಕಡಿಯವರು’ ಅನ್ನೂದು.
ತಗಡು, ಫೋಟೋ, ಮ್ಯಾಲ ಹಾಳಿ, ಹಿಂದ ಪಿನ್ನು.
ಒಮ್ಮೆ ಹಿಡಿ ಜಗ್ಗಿದರ ಒಂದು ಮಾರಿ.

ಕಲಘಟಗಿ ಆಚಿಂದ ಬಸ್ಸಿಗೆ ಬಂದಿದ್ಲು ಲೂಯಿಜಾ ಸಿದ್ದಿ,
ಸೆರಗಿನ ಗಂಟಿನಾಗ ಮಗನ ಫೋಟೋ.
ಇನಾಸ. ಗ್ಯಾರೇಜಿನಾಂವ. ಇಪ್ಪತ್ತೆರಡು.
ಚಹಾದ ಅಂಗಡಿ ಮುಂದ ಅವರು ಕೇಳಿದ್ದು
‘ಯಾವ ದೇಶದಾಂವಲೇ?’
‘ಇಲ್ಲಿಯಾಂವನ ಇದ್ದೇನ್ರಿ’ ಅಂದಿದ್ದ,
ನಾನೂ ನೀವೂ ಅಂದಂಗ.
ಅದಕ್ಕ ನಕ್ಕರಂತ.
ನಗಿ ಮುಗದ ಮ್ಯಾಲ ರಾಡು.

ನಾನು ಫೋಟೋ ಸ್ಕ್ರೀನಿಗೆ ಏರಿಸಿ
ರೂಢಿ ಮ್ಯಾಗ, ಖರೇನ ರೂಢಿ ಮ್ಯಾಗ, ಕೇಳಿದೆ:
‘ಒಂಚೂರು ಬೆಳ್ಳಗ ಮಾಡ್ಲೇನವಾ?’

ಫ್ಯಾನು ತಿರಗತಿತ್ತು.
ಬೈಲಿಲ್ಲ ಆಕಿ. ಫೋಟೋ ತಿರಗಿ ಇಸಗೊಂಡು
ಗಂಟು ಹಾಕ್ಕೊಂಡು ಹೋದಳು.

ರಾತ್ರಿ ಗ್ವಾಡಿಮ್ಯಾಲ ನನ್ನ ಲಗ್ನದ ಫೋಟೋ ನೋಡಿದೆ.
ಹೆಂಡತಿನ್ನೂ ನಾನ ಬೆಳ್ಳಗ ಮಾಡಿಸಿದ್ದೆ.

ಮೂರನೇ ದಿನ ಮತ್ತ ಬಂದಳು, ಹೆಗಲ ಮ್ಯಾಲ ಕೌದಿ.
‘ಮಾರಿ ಬ್ಯಾಡ. ಇದನ್ನ ಹಚ್ಚು.’
ಅಂವ ಹುಟ್ಟಿದಾಗ ಹೊಲದದ್ದು:
ಅಜ್ಜಿ ಸೀರಿ, ಅಪ್ಪನ ಖಾಕಿ ಚಡ್ಡಿ,
ಚರ್ಚಿನ ಪರದೆ, ಯಾರದೋ ಲುಂಗಿ.
ಕತ್ತರಿ ನನಗ ಕೊಡಲಿಲ್ಲ.
ನಾಕ ಮೂಲ್ಯಾಗಿನ ಮುಕ್ಕೋನಿ ಹೂವು ಮಾತ್ರ
ಮೊದಲ ಬಿಚ್ಚಿ ತಗದಿಟ್ಟಳು.
ಹೂವಿಲ್ಲದ ಕೌದಿ ಬತ್ತಲಂತ, ಅವರೊಳಗ.
ಬತ್ತಲಾದ ಮ್ಯಾಲ ಕತ್ತರಿಸಿದಳು.

ಮುನ್ನೂರಾ ಹನ್ನೆರಡು ಬಿಲ್ಲೆ. ಒಂದರಂಗ ಒಂದಿಲ್ಲ.
ಹುಬ್ಬಳ್ಳಿ ಕೋರ್ಟಿಗೆ ಹಾಕ್ಕೊಂಡು ಬಂದರು
ಹಳಿಯಾಳದ ಕಡಿಯವರು, ಕೈಗೆ ಗ್ರೀಸ್ ಹತ್ತಿದವರು,
ಕಾಲೇಜಿನ ಹುಡುಗ್ಯಾರು,
ಚಹಾದ ಅಂಗಡಿಯಾಂವ, ಅವತ್ತ ಷಟರ್ ಎಳಕೊಂಡಾಂವ.
ಬಾಗಲದಾಗ ಪೊಲೀಸರು ‘ತಗೀರಿ’ ಅಂದರು.
ತಗದರು. ಸ್ಟೀಲ್ ಡಬರಿ ತುಂಬಿತು.
ಒಳಗ ಕುಂತವರ ಎದಿ ಮ್ಯಾಲ ಎರಡೆರಡು ತೂತು.
ತೂತು ತಗೀರಿ ಅನ್ನಾಕ ಕಾಯ್ದೆ ಇರಲಿಲ್ಲ.

ತಾರೀಖು ಮುಂದ ಹೋತು.
ಹೊರಗ ಬಂದು ಡಬರ್‍ಯಾಗ ಕೈ ಹಾಕಿದರ
ತಂದದ್ದು ತಿರಗಿ ಸಿಗಲಿಲ್ಲ ಯಾರಿಗೂ.
ನನಗ ಬಂದದ್ದು ಖಾಕಿ ತುಂಡು.

ನಾಕೂ ಹೂವು ನನ್ನ ಗಲ್ಲೇದಾಗ ಅದಾವ.
ತೀರ್ಪಿನ ದಿನ ಹೊಸಾದು ಹೊಲೀತೀನಿ ಅಂದಾಳ.
ಚಿಲ್ಲರೆ ತಗಿಯೂವಾಗ ಬೆರಳಿಗೆ ತಾಗತಾವ.

ನಿನ್ನೆ ಒಬ್ಬಾಂವ ಲಗ್ನದ ಫೋಟೋ ತಂದು
‘ಒಂಚೂರು ಬೆಳ್ಳಗ ಮಾಡ್ರಿ’ ಅಂದ.
ಆ ಬಟನ್ ಕೆಟ್ಟೈತ್ರಿ, ಅಂದೆ.